ಹೊಸ್ತಿಲಾದ ಕಿಟಕಿ

ಆಗದು ಎಂದವರು ನಮ್ಮ ತಿಪ್ಪಣ್ಣ ದೊಡ್ಡಪ್ಪ, ನಮ್ಮಪ್ಪನ ಒಡಹುಟ್ಟಿದ ಅಣ್ಣ. ಒಂದು ಸಲ ಅಂದಿದ್ದರೆ ಮರೆತುಬಿಡಬಹುದಿತ್ತು. ಎರಡು ಸಲ ಅಂದರು, ಎರಡು ಸಲವೂ ನಮ್ಮೂರ ಹೋಟೆಲಿನ ಬೆಂಚಿನ ಮೇಲೆ ಮಂಡಕ್ಕಿಯ ತಟ್ಟೆ ಮುಂದಿಟ್ಟುಕೊಂಡು, ಮೆಣಸಿನಕಾಯಿ ಬಜ್ಜಿಯ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ, ಇಡೀ ಹೋಟೆಲಿಗೆ ಕೇಳುವ ಹಾಗೆ ಅಂದರು. ಮೊದಲನೆಯ ಸಲ ನಾನು ಡಿಪ್ಲೊಮಾ ಸೇರಿದ ವರ್ಷ: "ಗಾರೆ ಕೆಲಸದೋನ ಮಗಳು ಇಂಜಿನಿಯರ್ ಆಗಾಕೆ ಆಗ್ತೈತೇನ್ರಪ್ಪಾ? ಸಿಮೆಂಟು ಕಲಸೋರು ಬ್ಯಾರೆ, ಕಲಸ್ರಿ ಅಂತ ಹೇಳೋರು ಬ್ಯಾರೆ." ಎರಡನೆಯ ಸಲ, ನಮ್ಮೂರಿನ ಓದುವ ಮನೆಗೆ ನಾನು ನೆಲದಿಂದ ಸೂರಿನವರೆಗೆ ಗಾಜಿನ ಕಿಟಕಿ ಬರೆದ ನಕ್ಷೆ ಪಂಚರ ಕೈಗೆ ಹೋದಾಗ: "ಅಲ್ರೀ, ಜಗಳೂರು ಸೀಮೆ ಆಷಾಢದ ಗಾಳಿಗೆ ತಗಡು ನಿಲ್ಲಲ್ಲ, ಇನ್ನ ಗಾಜು ನಿಲ್ತೈತಾ? ಆಗಾಕಿಲ್ಲ ಬಿಡ್ರಿ."

ಮೊದಲ ಮಾತಿಗೆ ಉತ್ತರ ಕೊಡಲು ನನಗೆ ವರ್ಷಗಳೇ ಹಿಡಿದವು. ಎರಡನೆಯದಕ್ಕೆ ಒಂದು ಆಷಾಢ ಸಾಕಾಯಿತು. ಆ ಆಷಾಢದ ಸಂಗತಿಯನ್ನು ನಿಮ್ಮ ಮುಂದೆ ಹೇಳುವಾಗ ನನ್ನ ಮಾತಿನಲ್ಲಿ ಒಂದಿಷ್ಟು ಜಂಬ ಇಣುಕಿದರೆ, ಸ್ನೇಹಿತರೇ, ಇಣುಕಲಿ ಬಿಡಿ. ಇಣುಕುವುದಕ್ಕೆಂದೇ ತಾನೆ ಜಗತ್ತಿನಲ್ಲಿ ಕಿಟಕಿಗಳಿರುವುದು!

ನಮ್ಮ ಹಳೆಯ ಮನೆಯಲ್ಲಿ ಕಿಟಕಿ ಎಂಬ ಪದಾರ್ಥವೇ ಇರಲಿಲ್ಲ. ಇದ್ದದ್ದು ಮಾಡಿನಲ್ಲೊಂದು ಬೆಳಕಿಂಡಿ, ಮಡಿಚಿದ ಕರವಸ್ತ್ರದಷ್ಟು ಅಗಲದ್ದು. ಬೆಳಿಗ್ಗೆ ಅದರಿಂದ ಇಳಿದ ಬಿಸಿಲಿನ ತುಂಡು ಒಲೆಯ ಬದಿಯ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಹೊತ್ತು ಏರಿದಂತೆ ನಿಧಾನವಾಗಿ ನೆಲಕ್ಕೆ ಜಾರಿ, ಬೀಸುವ ಕಲ್ಲನ್ನು ದಾಟಿ, ಮಧ್ಯಾಹ್ನದ ಹೊತ್ತಿಗೆ ನೀರಿನ ಹರವಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಬಿಸಿಲು ಸರಿದಂತೆ ನಾನೂ ಪುಸ್ತಕ ಹಿಡಿದು ಅದರ ಹಿಂದೆ ಸರಿಯುತ್ತಿದ್ದೆ. ಅಡ್ಡ ಬಂದವರು ಬೈಯುತ್ತಿದ್ದರು, ಬೈದವರ ನೆರಳು ಪುಟದ ಮೇಲೆ ಬಿದ್ದರೆ ನಾನೂ ಬೈಯುತ್ತಿದ್ದೆ. ಕಂಡವರ ಮನೆಗೆಲ್ಲ ದೊಡ್ಡ ದೊಡ್ಡ ಕಿಟಕಿಗೆ ಜಾಗ ಬಿಟ್ಟು ಗೋಡೆ ಎಬ್ಬಿಸುತ್ತಿದ್ದ ನಮ್ಮಪ್ಪನಿಗೆ ಸ್ವಂತ ಮನೆಯ ಕಲ್ಲುಮಣ್ಣಿನ ಗೋಡೆ ಒಡೆದು ಒಂದು ಕಿಟಕಿ ಕೂರಿಸುವ ಧೈರ್ಯ ಬರಲಿಲ್ಲ. ಒಂದು ಕಲ್ಲು ಸಡಿಲಿಸಿದರೆ ಇಡೀ ಗೋಡೆ ಬಂದೀತೆಂಬ ಭಯ. ನಮ್ಮಂಥವರ ಮನೆಗಳಲ್ಲಿ ಭಯಗಳೂ ಹೀಗೆ ಭಾರ ಹೊರುವ ಗೋಡೆಗಳೇ.

ಹಾಗೆ ಬೆಳಕನ್ನು ಅಟ್ಟಿಕೊಂಡು ಓದಿದವಳು ನಾನು. ಎಸ್ಸೆಸ್ಸೆಲ್ಸಿ, ಡಿಪ್ಲೊಮಾ, ಆಮೇಲೆ ದಾವಣಗೆರೆಯಲ್ಲಿ ಬಿ.ಇ.; ನಡುವೆ ಒಂದು ವಿಷಯದಲ್ಲಿ ನಪಾಸಾದದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ವಂಶದಲ್ಲಿ ಪದವಿ ಎಂಬ ಮಾತಿಗೆ ದೇಹ ಬಂದದ್ದು ನನ್ನಿಂದ. ಆದರೆ ಆ ಪದವಿಯ ಪ್ರಮಾಣಪತ್ರ ಬಂದದ್ದು ಅಂಚೆಯಲ್ಲಿ, ಕಂದು ಲಕೋಟೆಯೊಳಗೆ. ಘಟಿಕೋತ್ಸವದ ದಿನ ನಾನು ನ್ಯಾಮತಿಯ ಒಂದು ಮನೆಯ ತಾರಸಿಯ ಮೇಲೆ ಕಬ್ಬಿಣ ಕಟ್ಟಿಸುತ್ತಿದ್ದೆ; ಕಾಂಕ್ರೀಟಿನ ದಿನ ಮೊದಲೇ ಗೊತ್ತಾಗಿತ್ತು, ಹೊಸ ಕೆಲಸ, ರಜೆ ಕೇಳುವ ಬಾಯಿ ನನಗಿರಲಿಲ್ಲ. ಹೀಗಾಗಿ ಕೈಯಿಂದ ಕೈಗೆ ಪ್ರಮಾಣಪತ್ರ ಹೋಗುವ ಆ ಗಳಿಗೆ ಹೇಗಿರುತ್ತದೆ ಎಂಬುದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ.

ಈಗ ಚನ್ನಗಿರಿಯಲ್ಲಿ ನನ್ನದೊಂದು ಪುಟ್ಟ ಕಚೇರಿ ಇದೆ. ಮೇಲೆ ನಾನು, ಕೆಳಗೆ ಅಡಿಕೆ ಮಂಡಿ. ನನ್ನ ನಕ್ಷೆಗಳಿಗೆಲ್ಲ ಚೂರು ಅಡಿಕೆಯ ವಾಸನೆ ಎಂದು ಗೆಳೆಯರು ನಗುತ್ತಾರೆ. ಅಲ್ಲಿಂದ ಹೊನ್ನಾಳಿ, ನ್ಯಾಮತಿ, ಸಾಸ್ವೆಹಳ್ಳಿ ಎಂದು ಅಲೆಯುತ್ತ ಮನೆ ಕಟ್ಟಿಸುವುದು ನನ್ನ ಜೀವನ. ನಮ್ಮೂರಿನವರು ಕೂಡಿ ಓದುವ ಮನೆ ಕಟ್ಟಲು ನಿಂತಾಗ, ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಕುಳಿತುಕೊಳ್ಳಲೊಂದು ಜಾಗ ಬೇಕು ಎಂದಾಗ, ನಾನು ಕೇಳಿಸಿಕೊಂಡದ್ದು ಒಂದೇ ಮಾತು: ಬೆಳಕು. ಪಡುವಣ ಗೋಡೆಯನ್ನು ಪೂರ್ತಿ ತೆಗೆದುಹಾಕಿ ಅಲ್ಲಿ ಎರಡು ಮಹಾ ಕಿಟಕಿ ಬರೆದೆ. ಹೊರಗೆ ಮೆಕ್ಕೆಜೋಳದ ಹೊಲ, ಅದರಾಚೆ ಗುಡ್ಡ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ನಮ್ಮ ಮಕ್ಕಳು ಪುಸ್ತಕ ಹಿಡಿದು ಬೆಳಕಿನ ಹಿಂದೆ ಹೋಗಬಾರದು, ಬೆಳಕೇ ಬಂದು ಅವರ ಪುಟದ ಮೇಲೆ ಕೂರಬೇಕು. ಇದು ನನ್ನ ಲೆಕ್ಕಾಚಾರದ ಹಾಳೆಯಲ್ಲಿ ಎಲ್ಲೂ ಬರೆಯದ ಲೆಕ್ಕ.

ಗೋಡೆ ಎಬ್ಬಿಸಿದವರು ಅಪ್ಪ. ಗಾಜು ಕೂರಿಸಿದವರು ಚನ್ನಗಿರಿಯ ಮಾಬುಸಾಬರು. ಅಲ್ಯೂಮಿನಿಯಂ ಚೌಕಟ್ಟಿನ ಕೆಲಸದಲ್ಲಿ ನಾನು ಬೇರೆಯವರನ್ನು ಕರೆಯುವುದಿಲ್ಲ. ಕಿಟಕಿ ಕೂರಿಸಿದ ದಿನ ಮಾತ್ರ ನಾನು ಹೊನ್ನಾಳಿಯಲ್ಲಿ ಬೇರೊಂದು ಕೆಲಸದಲ್ಲಿ ಸಿಕ್ಕಿಬಿದ್ದಿದ್ದೆ. ಸಂಜೆ ಅಪ್ಪ ಫೋನು ಮಾಡಿ, "ಚೆಂದ ಕಾಣ್ತೈತವ್ವ, ಗುಡ್ಡಾನೆಲ್ಲ ಒಳಗೇ ತಂದಿಟ್ಟಂಗೈತೆ," ಎಂದರು. ನಾನು ಹೊನ್ನಾಳಿಯ ಬಸ್‌ಸ್ಟಾಂಡಿನಲ್ಲಿ ನಿಂತೇ ಕುಣಿದೆ.

ಆಷಾಢ ಬಂತು. ನಮ್ಮ ಕಡೆಯ ಆಷಾಢವನ್ನು ನೀವು ಕಾಣದಿದ್ದರೆ ಹೇಳಬೇಕು: ಮಳೆ ಬೇರೆಯವರಿಗೆ, ಗಾಳಿ ನಮಗೆ ಎಂದು ಯಾರೋ ಪಾಲು ಹಂಚಿಬಿಟ್ಟಂತೆ ಅದು ಬೀಸುತ್ತದೆ. ಒಗೆದು ಹಾಕಿದ ಪಂಚೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಮಾತಾಡುತ್ತ ನಿಂತರೆ ಅರ್ಧ ಮಾತು ಎದುರಿನವರಿಗೆ ಮುಟ್ಟುವ ಮೊದಲೇ ಮೂಡಲಕ್ಕೆ ಹೊರಟುಹೋಗುತ್ತದೆ. ಅಂಥ ಒಂದು ಮಧ್ಯಾಹ್ನ ದೊಡ್ಡಪ್ಪನ ಫೋನು: "ಮಂಜೀ, ನಿನ್ ಕಿಟಕಿ ಉಸಿರಾಡ್ತೈತೆ ಕಣವ್ವ. ಬಂದು ನೋಡು. ಹೊಟ್ಟೆ ಉಬ್ಬಿಸ್ತೈತೆ, ಇಳಿಸ್ತೈತೆ. ಜೀವ ಬಂದೈತೆ ಅದಕೆ."

ಹೋಗಿ ನೋಡಿದೆ. ಎರಡರಲ್ಲಿ ಬಲಗಡೆಯ ಕಿಟಕಿ ನಿಜಕ್ಕೂ ಉಸಿರಾಡುತ್ತಿತ್ತು. ಗಾಳಿ ಒತ್ತಿದಾಗ ಗಾಜು ಒಳಕ್ಕೆ ಬಾಗುವುದು, ಗಾಳಿ ಕೈಬಿಟ್ಟಾಗ ಕಿರ್ ಎಂದು ರಬ್ಬರು ಮುಲುಗಿ ಹಿಂದಕ್ಕೆ ಹೋಗುವುದು. ಗಾಜಿನಲ್ಲಿ ಕಾಣುವ ಅಂಗಳದ ಬೇವಿನ ಮರದ ಬಿಂಬ, ಕುಡಿದವನ ಹಾಗೆ, ನಿಂತಲ್ಲೇ ತೂರಾಡುತ್ತಿತ್ತು. ಊರ ಪಂಚರು ಒಳಗೆ ಚಾಪೆ ಹಾಸಿಕೊಂಡು ಕುಳಿತಿದ್ದರು, ಆದರೆ ಆ ಕಿಟಕಿಯ ಬಳಿ ಒಬ್ಬರೂ ಇರಲಿಲ್ಲ. ಒಂದು ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ ಖಾಲಿ ಬಿಟ್ಟು, ಎಲ್ಲರೂ ಎದುರಿನ ಗೋಡೆಗೆ ಒರಗಿದ್ದರು. ಆ ಖಾಲಿ ಜಾಗ ನೋಡಿ ನನಗಾದ ಸಂಕಟ ಗಾಜು ಒಡೆದಿದ್ದರೂ ಆಗುತ್ತಿರಲಿಲ್ಲ. ಮಕ್ಕಳು ಓದಬೇಕಾದ ಜಾಗವೇ ಅದು.

ದೊಡ್ಡಪ್ಪ ಓದುವ ಮನೆಯ ಸಮಿತಿಗೆ ಹಿರಿಯರು. ಗಂಟಲು ಸರಿಮಾಡಿಕೊಂಡು ತೀರ್ಮಾನ ಹೇಳಿದರು: "ನೋಡವ್ವ, ಮನೆ ಮಗಳು ಅಂತ ಮಾತಾಡಲ್ಲ, ಊರ ಮಕ್ಕಳ ಜೀವ. ಶ್ರಾವಣಕ್ಕೆ ಬಾಗ್ಲು ತೆರಿಯೋದು ಗಟ್ಟಿ. ಅಷ್ಟರೊಳಗೆ ಈ ಗಾಜಿನ ಪಕ್ಕ ಮಕ್ಳು ಕುಂತ್ರೆ ಭಯ ಇಲ್ಲ ಅಂತ ನೀನು ಸರ್ಟಿಫಿಕೇಟು ಬರ್ದು, ಸಹಿ ಹಾಕಿ, ಸೀಲು ಒತ್ತಿ ಕೊಡು. ಇಲ್ಲಾಂದ್ರೆ ಇಟ್ಟಿಗೆ ಇಟ್ಟು ಮುಚ್ಚಿಸ್ತೀವಿ. ಎರಡೂನೂವೆ."

"ಸುಮ್ನೆ ಬರ್ದು ಕೊಟ್ರೆ ಆತಪ್ಪ," ಎಂದರು ಪಂಚರಲ್ಲೊಬ್ಬರು, ಸಹಾಯ ಮಾಡುವವರ ಹಾಗೆ. "ಒಂದು ಹಾಳೆ ತಾನೆ."

"ಒಂದು ಹಾಳೆ ಅಲ್ರಿ," ಎಂದೆ. "ಅದು ನನ್ನ ಹೆಸರು."

ಅಂಗಳದಲ್ಲಿ ಇಟ್ಟಿಗೆ ಆಗಲೇ ಇಳಿದಿತ್ತು. ಅಪ್ಪ ಅದರ ಪಕ್ಕ ನಿಂತಿದ್ದರು. ಮುಚ್ಚಬೇಕಾಗಿ ಬಂದರೆ ಆ ಇಟ್ಟಿಗೆ ಜೋಡಿಸಬೇಕಾದವರೂ ಅವರೇ.

ಇಲ್ಲಿ ಸ್ವಲ್ಪ ನಿಂತು ಗಾಜಿನ ಬಗ್ಗೆ ಎರಡು ಮಾತು ಆಡುತ್ತೇನೆ, ಬೇಸರಪಡಬೇಡಿ. ಗಾಜನ್ನು ನಾವು ಬಾಗದ ವಸ್ತು ಎಂದುಕೊಂಡಿದ್ದೇವೆ. ಲೋಟ ಒಡೆಯುತ್ತದೆ, ಕನ್ನಡಿ ಸೀಳುಬಿಡುತ್ತದೆ, ಬಳೆ ಚೂರಾಗುತ್ತದೆ, ಬಾಗಿದ್ದನ್ನು ಯಾರೂ ಕಂಡಿಲ್ಲ. ಆದರೆ ಹಾಳೆಯಂತೆ ಅಗಲವಾಗಿ ಹರಡಿದಾಗ ಅದೂ ಬಾಗುತ್ತದೆ. ದೊಡ್ಡ ಕಿಟಕಿಯ ಗಾಜು ಬಿರುಗಾಳಿಗೆ ಕೊಂಚ ಬಾಗುವುದು ದೋಷವಲ್ಲ, ಅದರ ಧರ್ಮ. ಎಷ್ಟು ಬಾಗುತ್ತದೆ, ಎಲ್ಲಿ ಬಾಗುತ್ತದೆ, ಬಾಗಿದ ಮೇಲೆ ಮರಳಿ ಬರುತ್ತದೋ ಇಲ್ಲವೋ, ಇಷ್ಟೇ ಪ್ರಶ್ನೆ. ಮನುಷ್ಯರ ವಿಷಯದಲ್ಲೂ ನಾವು ಕೇಳಬೇಕಾದದ್ದು ಇದೇ ಮೂರು, ಕೇಳುವುದು ಮಾತ್ರ 'ಬಾಗಿದನೇ?' ಎಂಬ ಒಂದನ್ನು.

ಮರುದಿನ ಮಾಬುಸಾಬರನ್ನು ಕರೆಸಿಕೊಂಡೆ. ಅವರು ಬರುವಷ್ಟರಲ್ಲಿ ಬೆಂಕಿಪೊಟ್ಟಣ ಹಿಡಿದು ಗಾಜಿನ ಮುಂದೆ ಕಡ್ಡಿ ಗೀರುತ್ತಿದ್ದೆ. ಗಾಜಿಗೆ ಓರೆಯಾಗಿ ದೀಪ ಹಿಡಿದರೆ ಒಳಮೈಯಲ್ಲೊಂದು ಹೊರಮೈಯಲ್ಲೊಂದು ಬಿಂಬ ಮೂಡುತ್ತದೆ. ಎರಡರ ನಡುವಿನ ಅಂತರ ನೋಡಿದರೆ ಗಾಜಿನ ದಪ್ಪ ಅಂದಾಜಿಗೆ ಸಿಗುತ್ತದೆ. ತೆಳು ಗಾಜು ಬಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

"ನನ್ ಗಾಜಿನ ಮ್ಯಾಲೆ ಅನುಮಾನಾನ ಮೇಡಮ್ಮೋರೆ?" ಮಾಬುಸಾಬರ ಮುಖ ಸಣ್ಣದಾಯಿತು.

"ಅನುಮಾನ ಅಲ್ಲ ಸಾಬ್ರೆ, ಪದ್ಧತಿ. ನಾಡಿ ಹಿಡಿದ ಡಾಕ್ಟ್ರ ಮೇಲೆ ಸಿಟ್ಟು ಮಾಡ್ತಾರಾ ಯಾರಾದ್ರೂ?"

"ಡಾಕ್ಟ್ರು ಬೆಂಕಿಕಡ್ಡಿ ಹಿಡ್ಕಂಡು ಬರಲ್ಲ ಬಿಡ್ರಿ," ಎಂದು ನಕ್ಕರು. ಗಾಜು ಹೇಳಿದಷ್ಟೇ ದಪ್ಪವಿತ್ತು, ಮೂಲೆಯಲ್ಲಿ ಹದಗೊಳಿಸಿದ ಗಾಜೆಂಬ ಮುದ್ರೆಯೂ ಇತ್ತು. ಎಡಗಡೆಯ ಕಿಟಕಿಗೂ ಅದೇ ಗಾಜು, ಅದು ಗರತಿಯ ಹಾಗೆ ಸುಮ್ಮನೆ ನಿಂತಿತ್ತು.

ಆಮೇಲೆ ಬಾಗಿಲಿನ ಮೇಲೆ ಅನುಮಾನ ಬಂತು. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಬಾಗಿಲು ಧಡ್ಡೆಂದು ಹಾಕಿದರೆ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ಅದು ಗಾಜನ್ನೇ ದೂಡುತ್ತದೆ. ಹಿಂದಿನ ಗೋಡೆಯ ಗಾಳಿಕಿಂಡಿಗಳನ್ನು ತೆರೆಸಿದೆ, ಬಾಗಿಲು ಹಾಕಿಸಿದೆ, ತೆಗೆಸಿದೆ. ಉಬ್ಬಸ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಗಾಜಿನ ಸುತ್ತಲಿನ ರಬ್ಬರಿನ ಪಟ್ಟಿ ಎಲ್ಲಾದರೂ ಬಿಟ್ಟಿದೆಯೇ ಎಂದು ಉಗುರಿನಿಂದ ಒತ್ತುತ್ತ ಬಂದೆ. ಎಲ್ಲ ಕಡೆ ಸರಿಯಿತ್ತು. ಬೆನ್ನ ಹಿಂದೆ ದೊಡ್ಡಪ್ಪ ಗೋಡೆಗೆ ಒರಗಿ ಎಲೆಯಡಿಕೆ ಜಗಿಯುತ್ತ, "ಮಂಜೀ, ಅದಕ್ಕೊಂದು ಕಾಯಿ ಒಡೆದು ನೋಡು," ಎಂದು ಚುಚ್ಚಿದರು. ಆಗ ನಾನು ನಕ್ಕುಬಿಟ್ಟೆ. ಕಾಯಿ ಆಗಲೇ ಒಡೆದಾಗಿತ್ತೆಂದು ನನಗೆ ಹೇಗೆ ಗೊತ್ತಾಗಬೇಕು!

ಸೋತು ಅಂಗಳಕ್ಕೆ ಹೋಗಿ ಇಟ್ಟಿಗೆಯ ರಾಶಿಯ ಮೇಲೆ ಕುಳಿತೆ. ಕುಳಿತು ಸುಮ್ಮನೆ ಬೇವಿನ ಮರದ ಬಿಂಬವನ್ನು ನೋಡತೊಡಗಿದೆ. ಪರೀಕ್ಷೆ ಮಾಡುವವರು ಒಂದು ಹಂತದಲ್ಲಿ ಕೈ ಕಟ್ಟಿಕೊಂಡು ಕೂರಬೇಕು. ನಾವು ಕೇಳುವುದನ್ನು ನಿಲ್ಲಿಸಿದ ಮೇಲೆಯೇ ವಸ್ತುಗಳು ಹೇಳಲು ಶುರುಮಾಡುವುದು. ಗಾಳಿ ಬಂತು, ಮರ ತೂರಾಡಿತು. ಮತ್ತೆ ಬಂತು, ಮತ್ತೆ ತೂರಾಡಿತು. ಆದರೆ ಬಿಂಬದ ನೆತ್ತಿ ನಿಜವಾದ ಮರದ ನೆತ್ತಿ ಆಡಿದಷ್ಟೇ ಆಡಿತು. ನಡುವಿನ ಕೊಂಬೆಗಳು ಅದಕ್ಕಿಂತ ಕೊಂಚವೇ ಹೆಚ್ಚು ಕದಲಿದವು. ಹುಚ್ಚೆದ್ದು ಕುಣಿದದ್ದು, ನಿಜವಾದ ಮರದಲ್ಲಿ ಅಲುಗದೆ ನಿಂತಿದ್ದ ಬುಡ.

ಎದ್ದು ನಿಂತೆ. ನಾಲ್ಕು ಅಂಚನ್ನೂ ಬಿಗಿಯಾಗಿ ಹಿಡಿದ ಗಾಜು ಬಾಗಿದರೆ ನಡುವೆ ಹೆಚ್ಚು ಬಾಗಬೇಕು, ಅಂಚಿನಲ್ಲಿ ಸ್ಥಿರವಾಗಿರಬೇಕು. ಇಲ್ಲಿ ಕೆಳಗಿನ ಅಂಚೇ ಎಲ್ಲಕ್ಕಿಂತ ಹೆಚ್ಚು ಆಡುತ್ತಿದೆ. ಅಂದರೆ ಮೂರು ಕಡೆ ಹಿಡಿದವರಿದ್ದಾರೆ, ನಾಲ್ಕನೆಯವರು ಕೈಬಿಟ್ಟಿದ್ದಾರೆ. ಬಾಗುತ್ತಿರುವುದು ಗಾಜಲ್ಲ, ಗಾಜನ್ನು ಹೊತ್ತ ಕೆಳಪಟ್ಟಿ.

ಒಳಗೆ ಓಡಿ ಕೆಳಪಟ್ಟಿಗೆ ಬಳಿದ ಸಿಲಿಕಾನನ್ನು ಕೆತ್ತಿ ತೆಗೆದು, ಸಂದಿಗೆ ಉಕ್ಕಿನ ತೆಳು ಸ್ಕೇಲು ತೂರಿಸಿದೆ. ಹೋಳಿಗೆಯ ಪದರದೊಳಗೆ ಬೆರಳು ಹೋದಂತೆ ಸಲೀಸಾಗಿ ಹೋಯಿತು. ಸರಿಸುತ್ತ ಹೋದರೆ ಒಂದು ತಿರುಪೂ ತಗುಲಲಿಲ್ಲ. ನಡುಮಧ್ಯಕ್ಕೆ ಬಂದಾಗ ಮೆತ್ತಗಿನದೇನೋ ತಡೆಯಿತು. ಕೆದಕಿದೆ. ಹಳದಿ ಬಟ್ಟೆಯ ಚುಂಗು ಬಂತು, ಅದರ ಜೊತೆಗೆ, ನಂಬುತ್ತೀರೋ ಇಲ್ಲವೋ, ಹೆಸರುಕಾಳಿನ ಒಂದು ಬಿಳಿ ಮೊಳಕೆ.

"ಇದೇನಿದು ಸಾಬ್ರೆ?"

ಮಾಬುಸಾಬರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಗುಡ್ಡದ ಗಾಳಿಯಂತ್ರ ನೋಡಿದರು.

"ಅದು... ಪೂಜೆದು ಮೇಡಮ್ಮೋರೆ. ವಾಸ್ಕಲ್ ಪೂಜೆದು."

"ಕಿಟಕಿಗೆ ಎಂಥಾ ವಾಸ್ಕಲ್ ಪೂಜೆ?"

"ನೆಲದಿಂದ ಸೂರಿನ ಮಟ ಐತೆ, ಮನುಷ್ಯರು ಬಗ್ಗದಂಗೆ ದಾಟಬಹುದು. ಇದನ್ನ ಕಿಟಕಿ ಅಂದ್ರೆ ಯಾರು ಒಪ್ತಾರೆ? ದೊಡ್ಡಮ್ಮಾರು ಇದೇ ಬಾಗ್ಲು ಅಂದ್ರು. ನವಧಾನ್ಯ ಗಂಟು ಕಟ್ಟಿ ಕೆಳಗಿಟ್ರು, ಅರಿಶಿನ ಕುಂಕುಮ ಹಚ್ಚಿದ್ರು, ಯಜಮಾನ್ರು ಕಾಯಿ ಒಡದ್ರು. ಆಮ್ಯಾಕೆ ಆ ಹೊಸ್ತಿಲಿಗೆ ನಾನು ಡ್ರಿಲ್ಲು ಹಾಕಾಕೆ ಹೆಂಗೆ ಆಗ್ತೈತೆ, ನೀವೇ ಹೇಳ್ರಿ. ಬ್ಯಾರೆಯೋರ ದೇವ್ರು ಕುಂತ ಜಾಗಕ್ಕೆ ನಾನು ಮೊಳೆ ಹೊಡದೆ ಅಂತ ಆಗಬಾರದು. ಮೂರು ಕಡೆ ತಿರುಪು ಬಿಗಿದೆ, ಕೆಳಗೆ ಸಿಲಿಕಾನ್ ಹಾಕಿದೆ. ಭಾರಕ್ಕೆ ನಿಲ್ತೈತೆ ಅಂದ್ಕಂಡೆ."

ಎಂಥ ಸಿಟ್ಟಿನಲ್ಲಿದ್ದರೂ ಆ ಮಾತಿನ ಮುಂದೆ ಸಿಟ್ಟು ನಿಲ್ಲುವುದಿಲ್ಲ. ನಮ್ಮ ದೊಡ್ಡಮ್ಮನ ಭಕ್ತಿ, ಮಾಬುಸಾಬರ ಮರ್ಯಾದೆ, ಇವೆರಡೂ ಸೇರಿ ನನ್ನ ಕಿಟಕಿಯ ಒಂದು ಕಾಲನ್ನು ಕಟ್ಟದೆ ಬಿಟ್ಟಿದ್ದವು. ಪುಸ್ತಕದಲ್ಲಿ ಗಾಜು ಬಾಗುವುದಕ್ಕೆ ಬೇಕಾದಷ್ಟು ಕಾರಣ ಕೊಟ್ಟಿದ್ದಾರೆ. ಒಬ್ಬರ ನಂಬಿಕೆಗೆ ಇನ್ನೊಬ್ಬರು ತೋರಿಸಿದ ಗೌರವ ಎಂಬ ಕಾರಣ ಯಾವ ಪುಸ್ತಕದಲ್ಲೂ ಇಲ್ಲ. ಅದರ ಮೇಲೆ, ಗಾರೆ ಹದವಾಗಲೆಂದು ಅಪ್ಪ ದಿನಾ ಹೊಡೆದ ನೀರನ್ನೆಲ್ಲ ಕುಡಿದ ಕಾಳುಗಳು ಉಬ್ಬಿ, ಮೊಳೆತು, ಪಟ್ಟಿಯನ್ನು ನಡುವೆ ಮೇಲಕ್ಕೆತ್ತಿದ್ದವು. ಎಡಗಡೆಯ ಕಿಟಕಿಗೆ ಪೂಜೆ ಸಿಕ್ಕಿರಲಿಲ್ಲ. ಹಾಗಾಗಿ ಅದಕ್ಕೆ ತಿರುಪು ಸಿಕ್ಕಿತ್ತು.

"ಅಂದ್ರೆ ದೊಡ್ಡಪ್ಪಾ," ಎಂದೆ, "ಗಾಜು ನಿಲ್ಲಲ್ಲ ಅಂತ ಹೋಟ್ಲಾಗೆ ಹೇಳ್ದೋರು, ನಿಲ್ಲದಂಗೆ ಮಾಡಾಕೆ ಕಾಯೂ ಒಡದ್ರಾ?"

ನೋಡಲು ಬಂದು ಸೇರಿದ್ದ ಪಂಚರೆಲ್ಲ ಗೊಳ್ಳೆಂದರು. ದೊಡ್ಡಪ್ಪ ಎಲೆಯಡಿಕೆ ಉಗುಳುವ ನೆಪದಲ್ಲಿ ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ದೋಷ ಸಿಕ್ಕಿತು ಎಂದು ಹಿಗ್ಗಿದೆನಾದರೂ ದಾರಿ ಸುಲಭವಿರಲಿಲ್ಲ. ಗಂಟು ತೆಗೆದು ಹೊಸ್ತಿಲಿಗೆ ತೂತು ಕೊರೆಯದೆ ನಾನು ಸಹಿ ಹಾಕಲಾರೆ. ದೊಡ್ಡಮ್ಮ ಒಪ್ಪದೆ ಆ ಗಂಟನ್ನು ಮುಟ್ಟುವವರು ಊರಲ್ಲಿ ಇಲ್ಲ. ಬಲವಂತವಾಗಿ ತೆಗೆಸಿದರೆ ನಾಳೆ ಆ ಕೋಣೆಯಲ್ಲಿ ಒಂದು ಮಗು ಎಡವಿ ಬಿದ್ದರೂ ಹೊಸ್ತಿಲು ಕೊರೆದದ್ದೇ ಕಾರಣವಾಗುತ್ತದೆ, ಮತ್ತೆ ಇಟ್ಟಿಗೆ ಇಳಿಯುತ್ತದೆ. ದೊಡ್ಡಮ್ಮನ ಹತ್ತಿರ ಹೋದೆ. ಅವರಿಗೆ ಬಲ, ಭಾರ, ಬಾಗುವಿಕೆ ಎಂದು ಪಾಠ ಹೇಳಲಿಲ್ಲ. ಕರೆತಂದು ಗಾಜಿನ ಕೆಳಗಿನ ಅಂಚಿನ ಮೇಲೆ ಅವರ ಅಂಗೈ ಇಡಿಸಿದೆ. ಗಾಳಿ ಬೀಸಿತು. ಅಂಗೈ ಕೆಳಗೆ ಪಟ್ಟಿ ನಡುಗಿತು. ದೊಡ್ಡಮ್ಮ ಕೈ ತೆಗೆಯಲಿಲ್ಲ, ಹಸುವಿನ ಹೊಟ್ಟೆಯ ಮೇಲೆ ಕೈ ಇಟ್ಟು ಕರುವಿನ ಅಲುಗಾಟ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಂತರು.

"ಇದಕ್ಕೆ ಕಾಲು ಊರಾಕೆ ನೆಲ ಸಿಕ್ಕಿಲ್ಲ," ಎಂದರು.

"ಹೂಂ ದೊಡ್ಡಮ್ಮ. ನಿನ್ ಗಂಟಿನ ಮ್ಯಾಲೆ ತುದಿಗಾಲಾಗೆ ನಿಂತೈತೆ."

ಮೊಳಕೆ ತೋರಿಸಿದೆ. ಮುಖ ಅರಳಿತು. "ಮೊಳೆತೈತೆ! ಮೊಳೆತ ಕಾಳು ಕತ್ತಲಾಗೆ ಇಡಬಾರ್ದು ಕಣೇ, ಮಣ್ಣಿಗೆ ಹಾಕಬೇಕು. ತೆಗಿರಿ." ಅಷ್ಟೇ. ಹೋಟೆಲಿನ ಬೆಂಚಿನ ಮೇಲೆ ಒಂದು ವಾರ ಚರ್ಚೆಯಾಗಬಹುದಾದ ಶಾಸ್ತ್ರ, ಒಂದು ಮೊಳಕೆಯ ಮುಂದೆ ತೀರ್ಮಾನವಾಯಿತು.

ಗಾಜು ಇಳಿಸಿದೆವು. ದೊಡ್ಡಮ್ಮ ತಾವೇ ಗಂಟು ಬಿಡಿಸಿ ಕಾಳುಗಳನ್ನು ಅಂಗಳದ ಬೇಲಿಯುದ್ದಕ್ಕೂ ಊರಿದರು. ಅಪ್ಪ ಗಂಟಿದ್ದ ಗುಂಡಿ ಮುಚ್ಚಿ, ಗಾರೆ ಹಾಕಿ, ಮಟ್ಟ ನೋಡಿದರು. ಗಾರೆ ಗಟ್ಟಿಯಾದ ಮೇಲೆ ಮಾಬುಸಾಬರು ಡ್ರಿಲ್ಲು ಹಿಡಿದು ಬಂದವರು ಮತ್ತೆ ಅನುಮಾನಿಸುತ್ತ ನಿಂತರು. ದೊಡ್ಡಮ್ಮ ಡ್ರಿಲ್ಲಿನ ಮೂತಿಗೇ ಅರಿಶಿನ ಹಚ್ಚಿ, ಮೇಲೊಂದು ಕುಂಕುಮದ ಬೊಟ್ಟಿಟ್ಟು, "ಹಾಕಪ್ಪ ಮಾಬಣ್ಣ. ಮಗೀಗೆ ಕಿವಿ ಚುಚ್ಚಿದಂಗೆ ಚುಚ್ಚು, ಮಗೀಗೂ ಗೊತ್ತಾಗಬಾರ್ದು, ತಾಯಿಗೂ ಗೊತ್ತಾಗಬಾರ್ದು," ಎಂದರು.

"ಅಳ್ತೈತಮ್ಮ ಸ್ವಲ್ಪ," ಎಂದು ಮಾಬುಸಾಬರು ಗುಂಡಿ ಒತ್ತಿದರು. ಡ್ರಿಲ್ಲು ಊರಿಗೆಲ್ಲ ಕೇಳುವ ಹಾಗೆ ಅತ್ತಿತು.

ಪಟ್ಟಿಯುದ್ದಕ್ಕೂ ತಿರುಪು ಬಿಗಿದು, ಗಾಜಿನ ಪಾದಕ್ಕೆ ರಬ್ಬರಿನ ತುಂಡು ಕೊಟ್ಟು, ಮತ್ತೆ ಕೂರಿಸಿದೆವು. ಸರಿ, ಇನ್ನು ಗಾಳಿ ಬೇಕು. ಆದರೆ ಆಷಾಢದ ಗಾಳಿಗೆ ಏನಾಯಿತೋ, ಅವತ್ತಿನಿಂದ ಎಲೆ ಅಲುಗದ ಹಾಗೆ ನಿಂತುಬಿಟ್ಟಿತು. ಶ್ರಾವಣ ಹತ್ತಿರವಾಗುತ್ತಿತ್ತು. ದೊಡ್ಡಪ್ಪ, "ಸರಿಯಾತಲ್ಲ, ಇನ್ನ ಬರ್ದು ಕೊಡವ್ವ," ಎಂದರು. ಗಾಳಿ ಬರದೆ ಕೊಡುವುದಿಲ್ಲ ಎಂದೆ. ಆಗದು ಎನ್ನುತ್ತಿದ್ದವರು ಆಯಿತು ಎನ್ನುತ್ತಿದ್ದರು. ಆಗುತ್ತದೆ ಎಂದವಳು ತಡೆಯಿರಿ ಎನ್ನುತ್ತಿದ್ದೆ. ಚನ್ನಗಿರಿಯ ಕಚೇರಿಯಲ್ಲಿ ಕುಳಿತು ಮಂಡಿಯ ಮುಂದಿನ ಗೋಣಿಚೀಲದ ಅಂಚು ಹಾರುತ್ತದೆಯೇ ಎಂದು ಕಾಯುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಅಪ್ಪನ ಫೋನು: "ಬಂತವ್ವ." ಅಷ್ಟೇ ಮಾತು, ಮಿಕ್ಕದ್ದೆಲ್ಲ ಫೋನಿನೊಳಗೇ ಬೀಸುತ್ತಿತ್ತು.

ಸಿಕ್ಕಿದ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಬದಲಿಸಿ, ಊರು ಮುಟ್ಟಿದೆ. ಗಾಜಿನ ಮುಂದೆ ಅಡ್ಡಲಾಗಿ ದಾರ ಬಿಗಿದು, ಸ್ಕೇಲು ಹಿಡಿದು, ಗಾಳಿಯ ಒಂದೊಂದು ಹೊಡೆತಕ್ಕೂ ಅಳತೆ ತೆಗೆದೆ. ಕೆಳಗಿನ ಅಂಚು ಕದಲಲಿಲ್ಲ. ನಡುವೆ ಮಾತ್ರ, ಇರಬೇಕಾದಷ್ಟೇ, ಗಾಜಿನ ಧರ್ಮಕ್ಕೆ ಒಪ್ಪುವಷ್ಟೇ, ಬಾಗಿ ಮರಳುತ್ತಿತ್ತು. ಕಣ್ಣಿಗೆ ಕಾಣದು, ಅಂಗೈ ಇಟ್ಟರೆ ತಿಳಿಯುವಷ್ಟು. ನಾನು ಅಂಗೈ ಇಟ್ಟುಕೊಂಡೇ ಬಹಳ ಹೊತ್ತು ನಿಂತೆ.

ನನ್ನ ಓದಿನ ವರ್ಷಗಳೆಲ್ಲ ಆಗ ಅಂಗೈಗೆ ತಾಗಿದವು. ಎಷ್ಟು ಸಲ ಬಾಗಿದ್ದೆ! ನಪಾಸಾದ ದಿನ, ಹಾಸ್ಟೆಲಿನಲ್ಲಿ ಜ್ವರ ಬಂದು ಒಬ್ಬಳೇ ಮಲಗಿದ ದಿನ, ಮೊದಲ ಕೆಲಸದಲ್ಲಿ 'ಇಂಜಿನಿಯರ್ ಎಲ್ಲಿದ್ದಾರಮ್ಮ?' ಎಂದು ನನ್ನನ್ನೇ ಕೇಳಿದ ದಿನ. ಮುರಿಯಲಿಲ್ಲ ಎಂಬುದು ನನ್ನ ಗಟ್ಟಿತನ ಎಂದೇ ಇಷ್ಟು ದಿನ ಬೀಗುತ್ತಿದ್ದೆ. ಬೀಗುವುದನ್ನು ಈಗಲೂ ಬಿಟ್ಟಿಲ್ಲ, ಆದರೆ ಅದರಲ್ಲಿ ಪಾಲು ಕೊಡಲು ಕಲಿತಿದ್ದೇನೆ. ಯಾರ್ಯಾರೋ ಅಂಚು ಹಿಡಿದಿದ್ದರು. ಬುತ್ತಿ ಕಟ್ಟಿ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸಿದ ಅವ್ವ ಒಂದು ಕಡೆ. ಮಾತಾಡದ ಅಪ್ಪ ಇನ್ನೊಂದು ಕಡೆ. ಬಾಗದೆ ನಿಲ್ಲುವುದು ಕಲ್ಲಿಗೆ ಸರಿ. ಬೆಳಕು ಒಳಗೆ ಬಿಡಬೇಕಾದವರು ಬಾಗಲೇಬೇಕು, ಹಿಡಿದವರಿದ್ದರೆ ಮರಳಿಯೂ ಬರುತ್ತಾರೆ. ದೊಡ್ಡಪ್ಪ ಯಾವ ಅಂಚು ಹಿಡಿದಿದ್ದರು ಎಂದು ಯೋಚಿಸಿದೆ. ಅವರು ಬಹುಶಃ ಗಾಳಿಯಾಗಿದ್ದರು. ಅದೂ ಬೇಕಾಗುತ್ತದೆ, ಬೀಸದೆ ಯಾವ ಕಿಟಕಿಯನ್ನೂ ನಂಬಲಾಗದು.

ಪ್ರಮಾಣಪತ್ರ ಬರೆದೆ. ಗಾಜು ಅಲುಗುವುದಿಲ್ಲ ಎಂದು ಬರೆಯಲಿಲ್ಲ, ಅದು ಸುಳ್ಳು. ಗಾಳಿಗೆ ಮಿತಿಯೊಳಗೆ ಬಾಗುತ್ತದೆ, ಮರಳುತ್ತದೆ, ಅಳೆದು ನೋಡಿದ್ದೇನೆ, ಇದರ ಪಕ್ಕದಲ್ಲಿ ಮಕ್ಕಳು ಕುಳಿತು ಓದಬಹುದು, ಹೊಣೆ ನನ್ನದು ಎಂದು ಕನ್ನಡದಲ್ಲಿ ಬರೆದೆ. ಕೆಳಗೆ ಹೆಸರು, ಹೆಸರಿನ ಮುಂದೆ ಬಿ.ಇ. ಆ ಎರಡು ಅಕ್ಷರ ಬರೆಯುವಾಗ ಕೈ ಬೇಕೆಂದೇ ನಿಧಾನ ಮಾಡಿತು.

ಶ್ರಾವಣದಲ್ಲಿ ಓದುವ ಮನೆ ತೆರೆಯಿತು. ಅವತ್ತೂ ಗಾಳಿಯಿತ್ತು. ಊರವರೆಲ್ಲ ಒಳಗೆ ಬಂದರು, ಆದರೆ ಕಾಲುಗಳಿಗೆ ಹಳೆಯ ಅಭ್ಯಾಸ. ಬಂದವರೆಲ್ಲ ಎದುರಿನ ಗೋಡೆಯ ಬದಿಗೇ ಸರಿದು ನಿಂತರು. ಕಿಟಕಿಗಳ ಮುಂದೆ ಹಾಸಿದ ಹೊಸ ಜಮಖಾನೆಯ ಮೇಲೆ ಬಿಸಿಲು ಒಂದೇ ಕುಳಿತಿತ್ತು. ನಾನು ಎಲ್ಲರ ನಡುವಿನಿಂದ ಹೋಗಿ ದೊಡ್ಡಪ್ಪನಿಗೆ ಪ್ರಮಾಣಪತ್ರ ಕೊಟ್ಟೆ. ಅವರು ಎಡಗೈ ಚಾಚಿದವರು ಅದನ್ನು ಹಿಂದಕ್ಕೆಳೆದು, ಪಂಚೆಗೆ ಎರಡೂ ಕೈ ಒರೆಸಿಕೊಂಡು, ಎರಡೂ ಕೈಯಿಂದ ತೆಗೆದುಕೊಂಡರು. ಕನ್ನಡಕ ಹಾಕಿ ಮೊದಲಿನಿಂದ ಕೊನೆಯವರೆಗೆ ತುಟಿ ಆಡಿಸುತ್ತ ಓದಿದರು. ಸೀಲಿನ ಮೇಲೆ ಹೆಬ್ಬೆರಳು ಆಡಿಸಿದರು. ಮಡಚಲಿಲ್ಲ.

ಆಮೇಲೆ ಯಾರ ಮುಖವನ್ನೂ ನೋಡದೆ ಬಲಗಡೆಯ ಕಿಟಕಿಯ ಬಳಿಗೆ ನಡೆದರು. ಜಮಖಾನೆಯ ಮೇಲೆ, ಬಿಸಿಲಿನಲ್ಲಿ, ಚಕ್ಕಳಮಕ್ಕಳ ಹಾಕಿ ಕುಳಿತು, ಬೆನ್ನನ್ನು ಪೂರ್ತಿಯಾಗಿ ಗಾಜಿಗೆ ಆನಿಸಿದರು. ಹೊರಗಿನಿಂದ ಗಾಳಿ ಗಾಜಿಗೆ ಬಡಿಯಿತು. ಅವರ ರುಮಾಲಿನ ಚುಂಗು ಕೂಡ ಅಲುಗಲಿಲ್ಲ. ಎದುರಿನ ಗೋಡೆಗೆ ಒರಗಿ ನಿಂತಿದ್ದ ಊರನ್ನೆಲ್ಲ ಕನ್ನಡಕದ ಮೇಲಿನಿಂದ ನೋಡಿ ಗದರಿದರು:

"ಇನ್ನೂ ಏನ್ ನಿಂತ್ಕಂಡು ನೋಡ್ತೀರಿ? ನಮ್ಮನೆ ಹುಡುಗಿ ಸಹಿ ಹಾಕ್ಯಾಳೆ. ಬರ್ರಿ, ಕುಂದರ್ರಿ."